ಹುಬ್ಬಳ್ಳಿಯಿಂದ ಇಮ್ಯಾಜಿಕಾ: ಅಷ್ಟು ದೂರ ಹೋಗಬೇಕಾ?

ಬೆಂಗಳೂರಿನ ವಂಡರ್‌ಲಾ ಆಗಲೇ ನೋಡಿದ್ದೇವೆ, ಹುಬ್ಬಳ್ಳಿಯಿಂದ ಪುಣೆ-ಮುಂಬೈ ನಡುವಿನ ಖೋಪೋಲಿಯಲ್ಲಿರುವ ಇಮ್ಯಾಜಿಕಾ ಥೀಮ್ ಪಾರ್ಕ್ ತನಕ ಹೋಗೋದು ಸಾರ್ಥಕನಾ, ಜೊತೆಗೆ ಹೈಸ್ಕೂಲಿನ ಮಗ ಮತ್ತು ಮಂಡಿನೋವಿರುವ ಅಮ್ಮ ಇರ್ತಾರೆ ಅಂತ ಕೇಳಿದ್ದೀರಿ. ಮಗನಿಗೆ ರೋಲರ್ ಕೋಸ್ಟರ್ ಹುಚ್ಚಿದ್ದರೆ ಹೋಗಿ. ಅವನಿಗೆ ನೀರಾಟವೇ ಇಷ್ಟ ಅಂದರೆ ಸುಮ್ನೆ ಬೇಡ.

ವಂಡರ್‌ಲಾದಲ್ಲಿ ಒಂದೇ ಟಿಕೆಟ್‌ಗೆ ನೀರಿನ ಆಟವೂ ಸಿಗುತ್ತೆ. ಇಮ್ಯಾಜಿಕಾದಲ್ಲಿ ವಾಟರ್ ಪಾರ್ಕ್ ಪಕ್ಕದಲ್ಲೇ ಇದ್ದರೂ ಟಿಕೆಟ್ ಬೇರೆ. ಎರಡನ್ನೂ ಒಂದೇ ದಿನ ಮುಗಿಸ್ತೀವಿ ಅಂತ ಹೊರಟರೆ ಎರಡೂ ಅರ್ಧಂಬರ್ಧ.

ಇಲ್ಲಿಗೆ ಹೋಗೋದು ನೈಟ್ರೋ ಅನ್ನೋ ರೋಲರ್ ಕೋಸ್ಟರ್‌ಗಾಗಿ, ಅಷ್ಟೇ. ಬೆಂಗಳೂರಿನ ವಂಡರ್‌ಲಾದ ರಿಕಾಯಿಲ್ ಕೋಸ್ಟರ್ ಮುಂದೆ ಹೋಗಿ ಅದೇ ಹಳಿಯ ಮೇಲೆ ಹಿಂದಕ್ಕೆ ಬರುತ್ತೆ. ನೈಟ್ರೋ ಪೂರ್ತಿ ಸುತ್ತು ಹೊಡೆಯುತ್ತೆ, ಸುಮಾರು 130 ಅಡಿ ಎತ್ತರ, ವೇಗ ಗಂಟೆಗೆ 100 ಕಿ.ಮೀ. ದಾಟುತ್ತೆ, 5 ಸಲ ತಲೆಕೆಳಗು ಮಾಡುತ್ತೆ, ಮೇಲಾಗಿ ಕಾಲ ಕೆಳಗೆ ನೆಲವೇ ಇಲ್ಲ, ಕಾಲು ಗಾಳಿಯಲ್ಲಿ ಜೋತಾಡುತ್ತಿರುತ್ತವೆ. ಗೇಟು ತೆಗೆದ ಕೂಡಲೇ ಫೋಟೋ ಗೀಟೋ ಅಂತ ನಿಲ್ಲದೆ ನೇರ ಅಲ್ಲಿಗೆ ನಡೀರಿ, ಯಾಕಂದ್ರೆ ಮಧ್ಯಾಹ್ನದ ಹೊತ್ತಿಗೆ ಕ್ಯೂ ಬೆಳೆದು ಬಿಸಿಲಲ್ಲಿ ನಿಂತು ಉತ್ಸಾಹವೇ ಇಳಿದುಹೋಗುತ್ತೆ. ಎತ್ತರದ ಮಿತಿ ಇದೆ, ಹೊರಡುವ ಮುಂಚೆ ಅವರ ವೆಬ್‌ಸೈಟ್ ನೋಡಿ ಮಗನನ್ನು ಗೋಡೆಗೆ ನಿಲ್ಲಿಸಿ ಅಳೆದುಬಿಡಿ. ಅಷ್ಟು ದೂರ ಹೋಗಿ ಗೇಟಿನಲ್ಲಿ ವಾಪಸ್ ಕಳಿಸಿದರೆ ಮಕ್ಕಳು ಇಡೀ ದಿನ ಮುಖ ಊದಿಸಿಕೊಂಡಿರ್ತಾರೆ. ಡೀಪ್ ಸ್ಪೇಸ್ ಕೂಡ ಚೆನ್ನಾಗಿದೆ, ಕತ್ತಲಲ್ಲಿ ಓಡುವ ಕೋಸ್ಟರ್, ತಿರುವು ಎಲ್ಲಿ ಬರುತ್ತೆ ಅಂತ ಗೊತ್ತೇ ಆಗಲ್ಲ.

ಅಮ್ಮನಿಗೆ ಐ ಫಾರ್ ಇಂಡಿಯಾ. ಸೀಟಿನಲ್ಲಿ ಕೂತರೆ ಸಾಕು, ದೊಡ್ಡ ಪರದೆಯಲ್ಲಿ ದೇಶದ ಮೇಲೆ ಹಾರಿದ ಹಾಗೆ ಅನಿಸುತ್ತೆ. ಉಳಿದ ಹೊತ್ತು ಅವರು ನೆರಳು ಹುಡುಕಿ ಕೂರಬೇಕಾಗುತ್ತೆ, ಯಾಕಂದ್ರೆ ಒಳಗೆ ನಡಿಗೆ ಜಾಸ್ತಿ. ಅವರಿಗೂ ಪೂರ್ತಿ ಟಿಕೆಟ್ ತೆಗೆಸೋದು ನನಗೇನೋ ದುಬಾರಿ ಅನಿಸುತ್ತೆ, ಆದರೆ ರೂಮಲ್ಲಿ ಒಬ್ಬರನ್ನೇ ಬಿಟ್ಟು ಹೋಗೋಕಾಗಲ್ಲ ಅಲ್ವಾ.

ದಾರಿ ಸುಲಭ. ಬೆಳಗಾವಿ, ನಿಪ್ಪಾಣಿ, ಕೊಲ್ಲಾಪುರ, ಸಾತಾರಾ, ಪುಣೆ, ಎಲ್ಲಾ ಒಂದೇ ಹೈವೇ. ಪುಣೆಗೇ ಸುಮಾರು 430 ಕಿ.ಮೀ. ಆಗುತ್ತೆ, ಹಾಗಾಗಿ ರಾತ್ರಿ ಅಲ್ಲೇ ಉಳಿಯಿರಿ. ಕೊಲ್ಲಾಪುರದಲ್ಲಿ ಅಂಬಾಬಾಯಿ ದರ್ಶನ ಮಾಡಿಸಿ, ಅಮ್ಮನಿಗೆ ಪಾರ್ಕಿಗಿಂತ ಅದೇ ಖುಷಿ ಆಗಬಹುದು. ಕಾರು ಬೇಡ ಅಂದರೆ 2024ರಿಂದ ಹುಬ್ಬಳ್ಳಿ-ಪುಣೆ ವಂದೇ ಭಾರತ್ ಇದೆ, ವಾರದಲ್ಲಿ ಕೆಲವು ದಿನ ಮಾತ್ರ. ಪುಣೆಯಿಂದ ಮುಂದಕ್ಕೆ ಕ್ಯಾಬ್ ಮಾಡಿ. ಶನಿವಾರ, ಭಾನುವಾರ ಬೇಡವೇ ಬೇಡ. ಲೋಣಾವಳ ಘಾಟಿಯಲ್ಲಿ ಗಾಡಿಗಳು ತೆವಳುತ್ತವೆ, ಪಾರ್ಕಲ್ಲೂ ಜನ ತುಂಬಿರ್ತಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿ ಹಸಿರಾಗಿ ಎಷ್ಟೇ ಚೆಂದ ಕಂಡರೂ ಮಳೆ ಜೋರಾದರೆ ಹೊರಗಿನ ರೈಡ್ ನಿಲ್ಲಿಸ್ತಾರೆ, ನೈಟ್ರೋನೂ ಸೇರಿ. ಮೇ ತಿಂಗಳಲ್ಲಿ ಸೆಕೆ ತಡೆಯೋಕಾಗಲ್ಲ. ಜನವರಿಯ ಮಂಗಳವಾರ, ಬುಧವಾರ ನೋಡಿ. ಆಗ ಶಾಲೆ ಪ್ರವಾಸದ ಬಸ್ಸುಗಳೂ ಬರುತ್ತವೆ, ಆದ್ರೂ ಭಾನುವಾರದಷ್ಟು ನೂಕುನುಗ್ಗಲು ಇರಲ್ಲ.