‘ವರದಿ ಚೆನ್ನಾಗಿದೆ’ ಎನ್ನುತ್ತಾರೆ, ನಿರ್ಧಾರ ಮಾತ್ರ ಬದಲಾಗುವುದಿಲ್ಲ

ಪ್ರಶ್ನೆ: ನಾನು ಮಧ್ಯಮ ಗಾತ್ರದ ತಯಾರಿಕಾ ಕಂಪನಿಯೊಂದರಲ್ಲಿ ಮಾರುಕಟ್ಟೆ ಸಂಶೋಧನಾ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಪ್ರತಿಸ್ಪರ್ಧಿಗಳ ಬೆಲೆ, ಹೊಸ ಉತ್ಪನ್ನ, ಗ್ರಾಹಕರ ಒಲವು ಎಲ್ಲ ಸೇರಿಸಿ ಪ್ರತಿ ತಿಂಗಳೂ ದೊಡ್ಡ ವರದಿ ಕೊಡುತ್ತೇವೆ. ಮೀಟಿಂಗಿನಲ್ಲಿ ಎಲ್ಲರೂ ‘ಚೆನ್ನಾಗಿದೆ’ ಎನ್ನುತ್ತಾರೆ. ಆಮೇಲೆ ನಿರ್ಧಾರಗಳು ಮೊದಲು ಹೇಗೆ ಆಗುತ್ತಿದ್ದವೋ ಹಾಗೇ ಆಗುತ್ತವೆ. ಈಗ ಬಜೆಟ್ ಸಮಯ. ‘ನಿಮ್ಮ ವಿಭಾಗದಿಂದ ಕಂಪನಿಗೆ ಏನು ಉಪಯೋಗ, ತೋರಿಸಿ’ ಎಂದಿದ್ದಾರೆ. ವರದಿಯ ಗುಣಮಟ್ಟ ಇನ್ನೂ ಹೆಚ್ಚಿಸಬೇಕೇ?

ಉತ್ತರ: ಗುಣಮಟ್ಟ ಆಮೇಲಿನ ಮಾತು. ವರದಿಯಲ್ಲಿ ಏನೇನು ಇರುತ್ತದೆ ಎಂದು ನೀವು ವಿವರವಾಗಿ ಬರೆದಿದ್ದೀರಿ. ಅದನ್ನು ಓದಿದವರು ಯಾವ ನಿರ್ಧಾರ ತೆಗೆದುಕೊಳ್ಳಬೇಕಿತ್ತು ಎಂಬ ಮಾತು ಮಾತ್ರ ಎಲ್ಲೂ ಇಲ್ಲ. ತೊಡಕು ಇರುವುದು ಅಲ್ಲಿ.

ವರದಿ ಸರಿಯಾಗಿದ್ದರೆ ತಾನಾಗಿಯೇ ಬಳಕೆಗೆ ಬರುತ್ತದೆ ಎಂದು ನಾವು ನಂಬಿಕೊಂಡಿರುತ್ತೇವೆ. ಹಾಗಾಗುವುದಿಲ್ಲ ಎನ್ನುವುದಕ್ಕೆ ಕೊಡಾಕ್ ಕಂಪನಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮೊದಲ ಡಿಜಿಟಲ್ ಕ್ಯಾಮೆರಾವನ್ನು ಸ್ಟೀವ್ ಸ್ಯಾಸನ್ ಎಂಬ ಎಂಜಿನಿಯರ್ 1975ರಲ್ಲಿ ಆ ಕಂಪನಿಯ ಪ್ರಯೋಗಾಲಯದಲ್ಲೇ ತಯಾರಿಸಿದ್ದರು ಎಂಬುದು ಬಹಳ ಜನರಿಗೆ ಗೊತ್ತು. ಅದಕ್ಕಿಂತ ನಮ್ಮ ಕೆಲಸಕ್ಕೆ ಹತ್ತಿರದ ಘಟನೆ ನಡೆದದ್ದು 1981ರಲ್ಲಿ. ಸೋನಿ ಕಂಪನಿ ಫಿಲ್ಮ್ ಬೇಡದ ‘ಮ್ಯಾವಿಕಾ’ ಕ್ಯಾಮೆರಾವನ್ನು ಪ್ರಕಟಿಸಿದಾಗ, ಕೊಡಾಕ್‌ನಲ್ಲಿ ಮಾರುಕಟ್ಟೆ ಮಾಹಿತಿ ವಿಭಾಗದ ಮುಖ್ಯಸ್ಥರಾಗಿದ್ದ ವಿನ್ಸ್ ಬರಾಬಾ ಒಂದು ಆಳವಾದ ಅಧ್ಯಯನ ನಡೆಸಿದರು. ಫಿಲ್ಮ್‌ನ ಜಾಗವನ್ನು ಡಿಜಿಟಲ್ ಹಿಡಿಯಬಲ್ಲದು, ಆದರೆ ಅದಕ್ಕೆ ಸಮಯ ಹಿಡಿಯುತ್ತದೆ, ತಯಾರಿಗೆ ಕಂಪನಿಗೆ ಸುಮಾರು 10 ವರ್ಷ ಸಿಗುತ್ತದೆ ಎಂದು ಅಧ್ಯಯನ ಹೇಳಿತು. ಅಂದಾಜು ಬಹುಮಟ್ಟಿಗೆ ಸರಿಯಾಗಿತ್ತು. ಅಷ್ಟು ವರ್ಷಗಳ ಮುನ್ಸೂಚನೆ ಸಿಕ್ಕರೂ ಕಂಪನಿಯ ಮನಸ್ಸು ಫಿಲ್ಮ್‌ನಲ್ಲೇ ಉಳಿಯಿತು. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ರಕ್ಷಣೆ ಕೋರಿ ಅರ್ಜಿ ಹಾಕಿತು. ಇಂಥ ಒಳ್ಳೆಯ ಕೆಲಸ ಕಪಾಟಿನಲ್ಲಿ ಕೊಳೆಯುವುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ‘ಹತ್ತು ವರ್ಷವಿದೆ’ ಎಂಬ ಮಾತು ನಿರ್ಧಾರವಲ್ಲ. ಯಾವ ವರ್ಷ, ಯಾವ ಸೂಚನೆ ಕಂಡಾಗ, ಯಾರು, ಎಷ್ಟು ಹಣವನ್ನು ಎಲ್ಲಿಂದ ಎಲ್ಲಿಗೆ ತಿರುಗಿಸಬೇಕು ಎಂದು ಒಪ್ಪಂದವಾದರೆ ಅದು ನಿರ್ಧಾರ.

ಹಾಗಾಗಿ ಕೆಲಸವನ್ನು ತುದಿಯಿಂದ ಹಿಂದಕ್ಕೆ ಮಾಡಿ. ಮೊಟೊರೋಲಾ ಕಂಪನಿಯಲ್ಲಿ 1980ರ ದಶಕದಲ್ಲಿ ಇಂಥದ್ದೊಂದು ವಿಭಾಗವನ್ನು ಕಟ್ಟಿದ ಜ್ಯಾನ್ ಹೆರಿಂಗ್, ಅದಕ್ಕೂ ಮುಂಚೆ ಸರ್ಕಾರಿ ಗುಪ್ತಚರ ಸಂಸ್ಥೆಯಲ್ಲಿದ್ದವರು. ಮಾಹಿತಿ ಕಲೆಹಾಕುವ ಮೊದಲು ಮೇಲಿನವರ ಬಳಿ ಕುಳಿತು, ಅವರಿಗೆ ಬೇಕಾದ ವಿಷಯಗಳನ್ನು ಮೂರು ಬಗೆಯಾಗಿ ವಿಂಗಡಿಸುವುದು ಅವರ ಕ್ರಮ: ಮುಂದಿರುವ ನಿರ್ಧಾರಗಳು, ಮೊದಲೇ ಎಚ್ಚರಿಸಬೇಕಾದ ಅಪಾಯಗಳು, ಕಣ್ಣಿಡಬೇಕಾದ ಮುಖ್ಯ ಆಟಗಾರರು. ನಿಮಗೆ ಮೊದಲನೆಯದೊಂದೇ ಸಾಕು. ಮುಂದಿನ ವಾರ ಸೇಲ್ಸ್, ಉತ್ಪಾದನೆ, ಹಣಕಾಸು ಮುಖ್ಯಸ್ಥರ ಬಳಿ ಪ್ರತ್ಯೇಕವಾಗಿ ಅರ್ಧ ಗಂಟೆ ಕುಳಿತುಕೊಳ್ಳಿ. ‘ನಿಮಗೆ ಏನು ಮಾಹಿತಿ ಬೇಕು’ ಎಂದು ಕೇಳಬೇಡಿ. ಹಾಗೆ ಕೇಳಿದರೆ ‘ಎಲ್ಲವೂ ಇರಲಿ’ ಎನ್ನುತ್ತಾರೆ. ಮುಂದಿನ ಆರು ತಿಂಗಳಲ್ಲಿ ನೀವು ಸಹಿ ಹಾಕಬೇಕಾದ ದೊಡ್ಡ ನಿರ್ಧಾರ ಯಾವುದು, ಯಾವ ತಾರೀಖಿನೊಳಗೆ, ಏನು ತಿಳಿದರೆ ನಿಮ್ಮ ಮನಸ್ಸು ಬದಲಾಗುತ್ತದೆ ಎಂದು ಕೇಳಿ. ‘ಏನು ತಿಳಿದರೂ ಬದಲಾಗುವುದಿಲ್ಲ’ ಎಂದರೆ ಅದರ ಮೇಲೆ ಸಂಶೋಧನೆ ಮಾಡುವುದು ದಂಡ. ಆ ಸಮಯವನ್ನು ಇನ್ನೊಂದಕ್ಕೆ ಕೊಡಿ.

ಬರೆಯುವ ರೀತಿಯೂ ಬದಲಾಗಬೇಕು. ಉದಾಹರಣೆಗೆ, ಹೆಚ್ಚಿನ ವರದಿಗಳಲ್ಲಿ ಇಂಥದ್ದೊಂದು ಪ್ಯಾರಾ ಇರುತ್ತದೆ: ‘ಪ್ರತಿಸ್ಪರ್ಧಿಯು ಬೆಲೆಯನ್ನು ಶೇ 8ರಷ್ಟು ಇಳಿಸಿದೆ. ಪೈಪೋಟಿ ತೀವ್ರಗೊಳ್ಳುವ ಸಾಧ್ಯತೆಯಿದ್ದು, ಬೆಳವಣಿಗೆಯನ್ನು ಗಮನಿಸುತ್ತಿರಬೇಕು.’ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಇದನ್ನು ಓದಿ ಯಾರೂ ಏನನ್ನೂ ಮಾಡಲಾರರು. ಅದನ್ನೇ ಹೀಗೆ ಬರೆದು ನೋಡಿ: ‘ಮುಂದಿನ ತಿಂಗಳ ಬೆಲೆ ಸಭೆಗೆ ನಮ್ಮ ಸಲಹೆ: ಬೆಲೆ ಇಳಿಸುವುದು ಬೇಡ. ಅವರು ಇಳಿಸಿರುವುದು ಹಳೆಯ ಮಾದರಿಯ ಬೆಲೆಯನ್ನು ಮಾತ್ರ. ಆ ಮಾದರಿಗೆ ಹೊಸ ಆರ್ಡರ್ ತೆಗೆದುಕೊಳ್ಳುವುದನ್ನೂ ನಿಲ್ಲಿಸಿದ್ದಾರೆಂದು ಇಬ್ಬರು ವಿತರಕರು ಬೇರೆಬೇರೆಯಾಗಿ ಹೇಳಿದ್ದಾರೆ. ಇದು ದಾಸ್ತಾನು ಖಾಲಿ ಮಾಡುವ ಕ್ರಮ ಎಂಬುದು ನಮ್ಮ ಅಂದಾಜು, ಖಾತ್ರಿ ಶೇ 75. ಹೊಸ ಮಾದರಿಯ ಬೆಲೆಯೂ ಇಳಿದರೆ ಅಂದಾಜು ತಪ್ಪೆಂದು ತಿಳಿಯಿರಿ. ಮೂರು ದಿನದಲ್ಲಿ ಹೊಸ ಲೆಕ್ಕ ಕೊಡುತ್ತೇವೆ.’ ಮಾಹಿತಿ ಹೆಚ್ಚುಕಡಿಮೆ ಅದೇ. ಓದಿದವರು ಒಪ್ಪಬಹುದು ಅಥವಾ ಜಗಳವಾಡಬಹುದು, ‘ಚೆನ್ನಾಗಿದೆ’ ಎಂದು ಪಕ್ಕಕ್ಕಿಡಲು ಮಾತ್ರ ಆಗುವುದಿಲ್ಲ.

ಆ ಶೇ 75 ಎಂಬ ಅಂಕಿಯನ್ನು ಬಿಡಬೇಡಿ. ‘ಸಾಧ್ಯತೆ ಇದೆ’ ಎಂಬ ಪದ ಎಷ್ಟು ಮೋಸಮಾಡುತ್ತದೆ ಎಂಬುದಕ್ಕೆ ಅಮೆರಿಕದ ಸಿಐಎಯಲ್ಲಿದ್ದ ಶೆರ್ಮನ್ ಕೆಂಟ್ ಅವರ ಅನುಭವ ನೋಡಿ. 1951ರಲ್ಲಿ ಯುಗೊಸ್ಲಾವಿಯಾದ ಮೇಲೆ ಸೋವಿಯತ್ ಬಣ ದಾಳಿ ಮಾಡುವುದು ‘ಗಂಭೀರ ಸಾಧ್ಯತೆ’ ಎಂದು ಅವರ ತಂಡ ವರದಿ ಕೊಟ್ಟಿತು. ಎಂದರೆ ಎಷ್ಟು ಎಂದು ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬರು ಕೇಳಿದರು. ದಾಳಿಯ ಪರವಾಗಿ 65, ವಿರುದ್ಧವಾಗಿ 35 ಎಂದರು ಕೆಂಟ್. ಆ ಅಧಿಕಾರಿ ಅದಕ್ಕಿಂತ ಬಹಳ ಕಡಿಮೆ ಎಂದು ಓದಿಕೊಂಡಿದ್ದರು. ಆಮೇಲೆ ಕೆಂಟ್ ತಮ್ಮ ಸಹೋದ್ಯೋಗಿಗಳನ್ನೇ ಕೇಳಿದರೆ, ಒಬ್ಬರ ಮನಸ್ಸಿನಲ್ಲಿ 80, ಇನ್ನೊಬ್ಬರ ಮನಸ್ಸಿನಲ್ಲಿ 20! ಒಂದೇ ವಾಕ್ಯಕ್ಕೆ ಒಪ್ಪಿಗೆ ಕೊಟ್ಟವರು ಇವರೆಲ್ಲ.

ಇನ್ನು ಉಪಯೋಗ ತೋರಿಸುವ ವಿಚಾರ. ಎಷ್ಟು ವರದಿ ಕೊಟ್ಟಿರಿ, ಎಷ್ಟು ಜನ ಡ್ಯಾಶ್‌ಬೋರ್ಡ್ ತೆರೆದರು ಎಂಬ ಲೆಕ್ಕ ಒಯ್ಯಬೇಡಿ. ಇವತ್ತಿನಿಂದ ಒಂದು ಸಾದಾ ಎಕ್ಸೆಲ್ ಹಾಳೆ ಇಡಿ. ನಿರ್ಧಾರ ಯಾವುದು, ನಿಮ್ಮ ಮಾಹಿತಿ ಬರುವ ಮೊದಲು ಅವರ ಒಲವು ಯಾವ ಕಡೆಗಿತ್ತು, ನೀವು ಏನು ಹೇಳಿದಿರಿ, ಎಷ್ಟು ಖಾತ್ರಿಯಿಂದ, ಕೊನೆಗೆ ಏನಾಯಿತು. ‘ಮೊದಲ ಒಲವು’ ಎಂಬ ಕಾಲಂ ಅನ್ನು ನಿರ್ಧಾರಕ್ಕೆ ಮುಂಚೆಯೇ ತುಂಬಿಸಿಕೊಳ್ಳಬೇಕು. ಆಮೇಲೆ ಕೇಳಿದರೆ ‘ನಮಗೆ ಮೊದಲೇ ಗೊತ್ತಿತ್ತು’ ಎಂಬ ಉತ್ತರ ಬರುತ್ತದೆ. ಕೈಬಿಟ್ಟ ಒಂದು ತಪ್ಪು ಹೂಡಿಕೆಯ ಮೊತ್ತವೇ ನಿಮ್ಮ ವಿಭಾಗದ ವರ್ಷದ ಖರ್ಚನ್ನು ಮೀರಬಹುದು. ಆ ಲಾಭವನ್ನು ನಿಮ್ಮೊಬ್ಬರ ಖಾತೆಗೆ ಬರೆದುಕೊಳ್ಳಬೇಡಿ, ನಿರ್ಧಾರ ತೆಗೆದುಕೊಂಡ ಮುಖ್ಯಸ್ಥರಿಂದಲೇ ಆ ಸಾಲಿಗೆ ಒಪ್ಪಿಗೆ ಹಾಕಿಸಿ. ಹಣಕಾಸು ವಿಭಾಗ ನಂಬುವುದು ಅವರ ಮಾತನ್ನು.

ಪ್ರಶ್ನೆ: ನಮ್ಮದು ಸಣ್ಣ ಸಂಸ್ಥೆ. ಸಂಶೋಧನಾ ವಿಭಾಗವಿಲ್ಲ, ದುಬಾರಿ ವರದಿ ಕೊಳ್ಳುವ ಶಕ್ತಿಯೂ ಇಲ್ಲ. ಎಲ್ಲಿಂದ ಆರಂಭಿಸಲಿ?

ಉತ್ತರ: ಕೈತಪ್ಪಿದ ಗ್ರಾಹಕರಿಂದ. ಕೊಟೇಶನ್ ಕೊಟ್ಟೂ ಆರ್ಡರ್ ಸಿಗದ ಕಳೆದ ಕೆಲವು ಪ್ರಕರಣ ತೆಗೆದುಕೊಂಡು, ಆ ವ್ಯವಹಾರ ನೋಡಿಕೊಂಡಿದ್ದ ಮಾರಾಟಗಾರರ ಬದಲು ಬೇರೆಯವರಿಂದ ಫೋನ್ ಮಾಡಿಸಿ. ಮಾರಾಟಗಾರರ ಎದುರು ಗ್ರಾಹಕರು ‘ಬೆಲೆ ಜಾಸ್ತಿಯಾಯಿತು’ ಎಂದು ಮುಗಿಸಿಬಿಡುತ್ತಾರೆ. ಬೇರೆಯವರು ನಿಧಾನವಾಗಿ ಕೇಳಿದಾಗ ತಡವಾದ ಡೆಲಿವರಿ, ಉತ್ತರವಿಲ್ಲದ ಇ–ಮೇಲ್ ಹೊರಬರುತ್ತವೆ. ಜೊತೆಗೆ ದೂರುಗಳ ಪುಸ್ತಕ, ವಾಪಸು ಬಂದ ಮಾಲು, ಸರ್ವೀಸ್ ಹುಡುಗರು ಕಂಡದ್ದು. ಇವಿಷ್ಟೂ ನಿಮ್ಮಲ್ಲೇ ಇವೆ. ಹೊರಗಿನದಕ್ಕೆ ಪ್ರತಿಸ್ಪರ್ಧಿಗಳ ಉದ್ಯೋಗ ಜಾಹೀರಾತು, ವಾರ್ಷಿಕ ವರದಿ, ಪ್ರಕಟವಾದ ಪೇಟೆಂಟ್ ಅರ್ಜಿಗಳನ್ನು ನೋಡಿ. ಯಾವ ಕೌಶಲದವರನ್ನು ಎಲ್ಲಿಗೆ ಹುಡುಕುತ್ತಿದ್ದಾರೆ ಎಂಬುದೇ ಅವರ ಮುಂದಿನ ನಡೆಯನ್ನು ಎಷ್ಟೋ ಸಲ ಹೇಳಿಬಿಡುತ್ತದೆ.

ಗ್ರಾಹಕನಂತೆ ನಟಿಸಿ ಪ್ರತಿಸ್ಪರ್ಧಿಯ ಬೆಲೆಪಟ್ಟಿ ಪಡೆಯುವುದು, ಅಲ್ಲಿಂದ ಬಂದ ಹೊಸ ಉದ್ಯೋಗಿಯ ಬಾಯಿ ಬಿಡಿಸುವುದು ಮಾಡಬೇಡಿ. ಕಾನೂನಿನ ತೊಂದರೆ ಒಂದು ಕಡೆ, ಅಂಥ ಸಂಸ್ಥೆಯನ್ನು ನಿಮ್ಮ ಉದ್ಯೋಗಿಗಳೇ ನಂಬುವುದಿಲ್ಲ ಎಂಬುದು ಇನ್ನೊಂದು.

ಪ್ರಶ್ನೆ: ನಮ್ಮ ಎಂಡಿ ಮೊದಲೇ ತೀರ್ಮಾನ ಮಾಡಿರುತ್ತಾರೆ. ಅದಕ್ಕೆ ಪೂರಕವಾದ ಅಂಕಿಅಂಶ ಹುಡುಕಿಕೊಡಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ನೇರವಾಗಿ ‘ನೀವು ತಪ್ಪು’ ಎಂದರೆ ಬಾಗಿಲು ಮುಚ್ಚುತ್ತದೆ. ಶೆಲ್ ತೈಲ ಕಂಪನಿಯಲ್ಲಿ ಪಿಯರ್ ವ್ಯಾಕ್ ಅವರ ತಂಡಕ್ಕೂ 1970ರ ದಶಕದ ಆರಂಭದಲ್ಲಿ ಇದೇ ಪರಿಸ್ಥಿತಿ. ತೈಲ ಬೆಲೆ ಹಿಂದಿನಂತೆ ಸ್ಥಿರವಾಗಿಯೇ ಇರುತ್ತದೆ ಎಂದು ವ್ಯವಸ್ಥಾಪಕರು ನಂಬಿದ್ದರು. ಮುಂದೆ ಏನೇನಾಗಬಹುದು ಎಂದು ತಂಡ ಮೊದಲು ತಯಾರಿಸಿದ ಸನ್ನಿವೇಶ ಚಿತ್ರಗಳನ್ನು ಅವರು ಆಸಕ್ತಿಯಿಂದ ಕೇಳಿದರು, ಏನೂ ಬದಲಾಗಲಿಲ್ಲ. ಆಗ ವ್ಯಾಕ್ ದಾರಿ ಬದಲಿಸಿದರು. ನಿಮ್ಮ ನಂಬಿಕೆಯೇ ನಿಜವಾಗಬೇಕಾದರೆ ಏನೇನು ಒಟ್ಟಿಗೆ ನಡೆಯಬೇಕು ಎಂದು ಬಿಡಿಸಿಟ್ಟರು. ಮೂರು ಪವಾಡಗಳು ಒಂದೇ ಸಲ ನಡೆದರೆ ಮಾತ್ರ ಅದು ಸಾಧ್ಯ ಎಂದು ಕೇಳಿದವರಿಗೆ ತಾವಾಗಿಯೇ ಹೊಳೆಯಿತು. 1973ರ ಅಕ್ಟೋಬರ್‌ನಲ್ಲಿ ತೈಲ ಬಿಕ್ಕಟ್ಟು ಬಂದು ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾದಾಗ, ಶೆಲ್‌ನವರು ಅದನ್ನು ಮೊದಲೇ ಯೋಚಿಸಿ ನೋಡಿದ್ದರು.

ನೀವೂ ಎಂಡಿಯವರ ತೀರ್ಮಾನವನ್ನು ಒಂದೇ ಪುಟದಲ್ಲಿ ಇಡಿ. ಪೂರಕ ಅಂಕಿಅಂಶ ಕೇಳಿದ್ದಾರಲ್ಲ, ಅದನ್ನು ಪ್ರಾಮಾಣಿಕವಾಗಿ ಕೊಡಿ. ಅದರ ಕೆಳಗೆ, ಈ ಯೋಜನೆ ಫಲಿಸಬೇಕಾದರೆ ಏನೇನು ನಿಜವಾಗಿರಬೇಕು ಎಂದು ನಾಲ್ಕೈದು ಸಾಲು ಬರೆದು, ಪ್ರತಿಯೊಂದಕ್ಕೂ ಇವತ್ತಿನ ಸಾಕ್ಷ್ಯ ಏನಿದೆ ಎಂದು ಎದುರಿಗೆ ಹಾಕಿ. ವಿರುದ್ಧವಾದದ್ದು ಸಿಕ್ಕರೆ ಮುಚ್ಚಿಡಬೇಡಿ. ಅದನ್ನು ಸಭೆಯಲ್ಲಿ ಎಲ್ಲರೆದುರು ತೆಗೆಯುವ ಬದಲು ಹಿಂದಿನ ದಿನ ಅವರೊಬ್ಬರಿಗೇ ತೋರಿಸಿ. ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿ: ‘ಆರು ತಿಂಗಳ ನಂತರ ಮಾರಾಟ ಎಷ್ಟಕ್ಕಿಂತ ಕಡಿಮೆಯಿದ್ದರೆ ಇದನ್ನು ನಿಲ್ಲಿಸೋಣ, ಸರ್?’ ಅವರು ಹೇಳಿದ ಅಂಕಿಯನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಿ, ಆ ತಾರೀಖಿಗೆ ಮೀಟಿಂಗನ್ನು ಈಗಲೇ ಗೊತ್ತುಮಾಡಿ.