ತಕ್ಕಡಿಗೆ ಸೀಲ್ ಹಾಕುವವರು ಬೆಲ್ಲ ಕೊಳ್ಳುವುದಿಲ್ಲ

ಪ್ರಶ್ನೆ: ಊರಿಗೆ ಬಂದಿದ್ದ ವಿಮೆ ಏಜೆಂಟ್ ಒಬ್ಬರು, 'ಇದು ಐಆರ್‌ಡಿಎಐ ಒಪ್ಪಿರುವ ಪಾಲಿಸಿ, ಅಂದ್ರೆ ದುಡ್ಡಿಗೆ ಸರ್ಕಾರವೇ ಗ್ಯಾರಂಟಿ' ಅಂದರು. ಖಾಸಗಿ ಕಂಪನಿ ಅದು. ಈ ಐಆರ್‌ಡಿಎಐ ಯಾವಾಗ ಬಂತು? ಅಪ್ಪನ ಬಾಯಲ್ಲಿ ಈ ಹೆಸರು ಕೇಳೇ ಇರಲಿಲ್ಲ.
— ಓದುಗರೊಬ್ಬರು, ಮದ್ದೂರು

ಉತ್ತರ: ಏಜೆಂಟ್ ಎರಡು ಬೇರೆ ಮಾತನ್ನು ಒಂದೇ ಗಂಟಿಗೆ ಕಟ್ಟಿದ್ದಾರೆ. ಮಂಡ್ಯದ ಬೆಲ್ಲದ ಮಾರ್ಕೆಟ್ ನೋಡಿದ್ದೀರಲ್ವಾ? ತಕ್ಕಡಿ ಪರೀಕ್ಷೆ ಮಾಡಿ ಸೀಲ್ ಹಾಕುವವರು ಒಬ್ಬರು, ಬೆಲ್ಲ ಕೊಂಡು ದುಡ್ಡು ಎಣಿಸುವವರು ಇನ್ನೊಬ್ಬರು. ಐಆರ್‌ಡಿಎಐ ಅಂದರೆ ವಿಮೆ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ, ಅದು ಸೀಲ್ ಹಾಕುವ ಕಡೆಯದು. ಲೈಸೆನ್ಸ್ ಕೊಡುತ್ತದೆ, ನಿಯಮ ಮಾಡುತ್ತದೆ, ತಪ್ಪಿದರೆ ದಂಡ ಹಾಕುತ್ತದೆ. ಕ್ಲೇಮಿನ ದುಡ್ಡು ಕೊಡಬೇಕಾದ್ದು ಕಂಪನಿಯೇ. ಸರ್ಕಾರದ ಗ್ಯಾರಂಟಿ ಅನ್ನೋದು ಎಲ್‌ಐಸಿ ಪಾಲಿಸಿಗಳಿಗೆ 1956ರ ಕಾಯ್ದೆಯ 37ನೇ ಸೆಕ್ಷನ್ ಕೊಟ್ಟಿರುವುದು. ಖಾಸಗಿಯವರಿಗೆ ಅದಿಲ್ಲ.

ಅಪ್ಪ ಕೇಳಿರಲಿಲ್ಲ ಅಂದಿರಿ, ಸರಿಯೇ. ಮಂಡ್ಯ ಸುತ್ತ ಪಾಲಿಸಿ ಮಾಡಿಸುತ್ತಾ ಅಲೆಯುವಾಗ ನಾನೂ ಕೇಳಿರಲಿಲ್ಲ. ಕಬ್ಬಿನ ಬಿಲ್ ಬಂತು ಅಂತ ಗೊತ್ತಾದರೆ ಸಾಕು, ಸ್ಕೂಟರ್ ಹತ್ತುತ್ತಿದ್ದೆ. ಟ್ರಂಕ್ ತೆಗೆದು ಬಾಂಡ್ ಕೊಟ್ಟರೆ ನುಸಿಗುಳಿಗೆ ವಾಸನೆ ಮೂಗಿಗೆ ಹೊಡೆಯುತ್ತಿತ್ತು. 1956ರಲ್ಲಿ 245 ಕಂಪನಿ, ಸೊಸೈಟಿಗಳನ್ನು ಸೇರಿಸಿ ಎಲ್‌ಐಸಿ ಮಾಡಿದ್ದರು. 1973ರಲ್ಲಿ ವಾಹನ, ಬೆಂಕಿ ವಿಮೆಯೂ ನಾಲ್ಕು ಸರ್ಕಾರಿ ಕಂಪನಿಗಳ ಕೈಗೆ ಹೋಯಿತು. (ರಾಜ್ಯ ಸರ್ಕಾರಿ ನೌಕರರ ವಿಮೆ, ಕೆಜಿಐಡಿ, ಅದರ ಲೆಕ್ಕ ಬೇರೆ. ಅದನ್ನು 1891ರಲ್ಲೇ ನಮ್ಮ ಮೈಸೂರು ಸಂಸ್ಥಾನ ಶುರು ಮಾಡಿತ್ತು. ಮೈಸೂರಿನವನಾಗಿ ಇದನ್ನು ಹೇಳದೆ ಮುಂದೆ ಹೋಗಲಾರೆ!) 1938ರ ಕಾಯ್ದೆಯ ಪ್ರಕಾರ ವಿಮೆಗೆ ಕಂಟ್ರೋಲರ್ ಅಂತ ಒಬ್ಬರಿದ್ದರು, ನಿಜ. ಆದರೆ ಅಂಗಡಿಯೂ ಸರ್ಕಾರದ್ದೇ, ತಕ್ಕಡಿ ನೋಡುವವರೂ ಸರ್ಕಾರದವರೇ ಆದ ಮೇಲೆ ಅವರ ಮಾತು ಜಾಸ್ತಿ ಕೇಳಿಸಲಿಲ್ಲ.

ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಆರ್.ಎನ್. ಮಲ್ಹೋತ್ರಾ ಅವರ ಸಮಿತಿ 1994ರಲ್ಲಿ ವರದಿ ಕೊಟ್ಟಿತು: ಖಾಸಗಿಯವರನ್ನು ಒಳಗೆ ಬಿಡಿ, ಆದರೆ ಕಾವಲಿಗೆ ಬೇರೆ ಸಂಸ್ಥೆ ಇರಲಿ. 1999ರ ಕೊನೆಗೆ ಕಾಯ್ದೆ, 2000ದ ಏಪ್ರಿಲ್‌ನಲ್ಲಿ ಐಆರ್‌ಡಿಎ. ಮೊದಲ ಅಧ್ಯಕ್ಷರು ಎನ್. ರಂಗಾಚಾರಿ. ಮರುವರ್ಷ ಕಚೇರಿ ದೆಹಲಿಯಿಂದ ಹೈದರಾಬಾದಿಗೆ ಹೋಯಿತು. 2014ರಲ್ಲಿ ಹೆಸರಿನ ಕೊನೆಗೆ 'ಇಂಡಿಯಾ' ಸೇರಿತು, ನೀವು ಕೇಳಿದ 'ಐ' ಅದೇ.

ಈ ಕಾವಲಿನ ಬೆಲೆ ನನಗೆ ಗೊತ್ತಾಗಿದ್ದು ನಿವೃತ್ತಿಯ ಮೇಲೆ. ಎಫ್‌ಡಿ ನವೀಕರಿಸಲು ಬ್ಯಾಂಕಿಗೆ ಹೋದವನಿಗೆ 'ಒಂದೇ ಸಲ ಕಟ್ಟಿದರೆ ಸಾಕು ಸರ್' ಅಂತ ಪಾಲಿಸಿ ಹಚ್ಚಿದರು. ಬಾಂಡ್ ಬಂತು. ನೋಡಿದರೆ ಹತ್ತು ವರ್ಷ ಕಂತು! ಮೂವತ್ತು ವರ್ಷ ಪಾಲಿಸಿ ಮಾರಿದವನಿಗೇ ಟೋಪಿ. 'ಫ್ರೀ ಲುಕ್' ನಿಯಮ ಇದ್ದದ್ದಕ್ಕೆ ಬಚಾವಾದೆ. ಆಗ 15 ದಿನದೊಳಗೆ ವಾಪಸ್ ಕೊಡಬೇಕಿತ್ತು, ಸಣ್ಣಪುಟ್ಟ ಖರ್ಚು ಹಿಡಿದು ಮಿಕ್ಕಿದ್ದು ಬಂತು. 2024ರಿಂದ 30 ದಿನ ಸಿಗುತ್ತದೆ.

ನೀವು ಆ ಪಾಲಿಸಿ ಮಾಡಿಸಿಯೇ ಬಿಟ್ಟಿದ್ದರೆ, ಬಾಂಡ್ ಕೈಗೆ ಬಂದ ತಾರೀಖನ್ನು ಲಕೋಟೆಯ ಮೇಲೆ ಪೆನ್ನಿನಲ್ಲಿ ಬರೆದಿಡಿ. ಆ 30 ದಿನ ಎಣಿಸುವುದು ಅಲ್ಲಿಂದ.