ಹೈವೇ ಪಕ್ಕದ ಮೀನೂಟದ ಹೋಟೆಲಿಗೆ ವೆಬ್‌ಸೈಟ್ ಹೇಗಿರಬೇಕು?

ನಿಮ್ಮ ಪ್ರಶ್ನೆ ಇಷ್ಟು: ಕುಂದಾಪುರದ ಹತ್ತಿರ ಹೈವೇ ಪಕ್ಕ ಅಪ್ಪನ ಮೀನೂಟದ ಹೋಟೆಲ್ ಇದೆ. ನೋಡಲು ಚಂದ ಇರುವ, ಗಿರಾಕಿಯನ್ನೂ ತರುವ ವೆಬ್‌ಸೈಟ್ ಬೇಕು. ಒಬ್ಬರು ವಿಡಿಯೊ, ಅನಿಮೇಷನ್ ಎಲ್ಲ ಸೇರಿಸಿ 45 ಸಾವಿರ ಕೇಳಿದ್ದಾರೆ, ಕೊಡಬಹುದಾ?

ಉಡುಪಿಯಲ್ಲಿ ಕೂತು ಹತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಸಣ್ಣ ಹೋಟೆಲುಗಳದ್ದೇ ಜಾಸ್ತಿ. ಅನಿಮೇಷನ್‌ಗೆ ಒಂದು ರೂಪಾಯಿಯೂ ಕೊಡಬೇಡಿ. ನಾನೇ ಆ ತಪ್ಪು ಮಾಡಿದವನು.

ನನ್ನ ಮೊದಲ ಹೋಟೆಲ್ ಸೈಟ್ ಭಾರಿ ಚಂದ ಇತ್ತು. ತೆರೆದ ಕೂಡಲೇ ಸಮುದ್ರದ ಅಲೆಯ ವಿಡಿಯೊ, ಅದರ ಮೇಲೆ ಹೋಟೆಲಿನ ಹೆಸರು ಮೆಲ್ಲಗೆ ಮೂಡುತ್ತಿತ್ತು. ಆಫೀಸಿನ ವೈಫೈಯಲ್ಲಿ ಫಸ್ಟ್ ಕ್ಲಾಸ್. ತೋರಿಸಲು ಹೋಟೆಲಿಗೇ ಹೋದೆ. ಯಜಮಾನರು ಗಲ್ಲಾದಲ್ಲಿ ಕೂತು ತಮ್ಮ ಫೋನಿನಲ್ಲಿ ತೆರೆದರು. ಬಿಳಿ ಪರದೆ. ಇನ್ನೂ ಬಿಳಿ ಪರದೆ. ಅಷ್ಟರಲ್ಲಿ ಅವರು ಎರಡು ಬಿಲ್ಲಿನ ಚಿಲ್ಲರೆ ಕೊಟ್ಟು ಕಳಿಸಿದರು. ಆಮೇಲೆ ಅಲೆ ಬಂತು. "ಎಂತದು ಮಾರಾಯ್ರೇ, ಸಮುದ್ರ ಇಲ್ಲೇ ಹಿಂದೆ ಉಂಟಲ್ಲ. ಊಟಕ್ಕೆ ಎಂತ ಉಂಟು ಅಂತ ಎಲ್ಲಿ ಬರ್ದಿದ್ದೀರಿ?" ಅಂದರು. ಊಟದ ಪಟ್ಟಿ ಮೂರು ಸಲ ಒತ್ತಿದರೆ ಸಿಗುವ ಒಂದು ಪಿಡಿಎಫ್‌ನಲ್ಲಿತ್ತು. ಅದನ್ನು ಎರಡು ಬೆರಳಿಂದ ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಎಳೆದು ಓದಬೇಕಿತ್ತು. ನಾಚಿಕೆ ಆಯಿತು.

ನಿಮ್ಮ ಸೈಟ್ ನೋಡುವವರು ಯಾರು ಅಂತ ಮೊದಲು ಯೋಚಿಸಿ. ಊರಿನವರು ನೋಡುವುದಿಲ್ಲ. ಅವರು ಹೊಗೆಯ ಪರಿಮಳ ನೋಡಿಯೇ ಒಳಗೆ ಬರುವವರು. ನೋಡುವವರು ಮಧ್ಯಾಹ್ನ ಒಂದೂವರೆಗೆ ಮರವಂತೆ ಬೀಚಿನ ಬದಿ ಕಾರು ನಿಲ್ಲಿಸಿಕೊಂಡ ಬೆಂಗಳೂರಿನವರು. ಹಿಂದಿನ ಸೀಟಿನಲ್ಲಿ ಮಕ್ಕಳು ಹಸಿವು ಅಂತ ರಚ್ಚೆ ಹಿಡಿದಿವೆ. ಮುರ್ಡೇಶ್ವರ ನೋಡಿ ವಾಪಸ್ ಬರುವವರು. ಕೊಲ್ಲೂರಿನಲ್ಲಿ ದರ್ಶನ ಮುಗಿಸಿ ಊರಿಗೆ ಹೊರಟ ಕೇರಳದವರು. ಇವರಿಗೆ ಬೇಕಾದ್ದು ನಾಲ್ಕೇ ಸಂಗತಿ. ಈಗ ತೆರೆದಿದೆಯಾ, ಎಲ್ಲಿದೆ, ಇವತ್ತು ಯಾವ ಮೀನಿದೆ, ಎಷ್ಟಾಗುತ್ತದೆ. ಹೆಬ್ಬೆರಳು ಒಮ್ಮೆ ಸರಿಸುವಷ್ಟರಲ್ಲಿ ಈ ನಾಲ್ಕೂ ಸಿಗಬೇಕು. ಉಳಿದದ್ದೆಲ್ಲ ಕೆಳಗೆ ಇರಲಿ. ಅಪ್ಪ ಹೋಟೆಲ್ ಶುರು ಮಾಡಿದ ಕತೆ ಕೂಡ. ಅದು ಇರಲಿ, ಊಟ ಆದ ಮೇಲೆ ಓದುತ್ತಾರೆ.

ನಿಮ್ಮ ಹೋಟೆಲಿಗೆ ದೋಸೆ ಹೋಟೆಲಿಗಿಲ್ಲದ ಒಂದು ಕಷ್ಟ ಇದೆ. ದೋಸೆಯ ರೇಟ್ ವರ್ಷಕ್ಕೊಮ್ಮೆ ಬದಲಾಗುತ್ತದೆ, ಮೀನಿನದ್ದು ದಿನಾ. ಬೆಳಗ್ಗೆ ಗಂಗೊಳ್ಳಿಯಿಂದ ಏನು ಬಂತೋ ಅದೇ ಮೆನು. ಹಾಗಾಗಿ ಎಲ್ಲ ಹೋಟೆಲಿನವರೂ ಅಂಜಲ್, ಕಾಣೆ, ಮಾಂಜಿ ಅಂತ ಬರೆದು ಪಕ್ಕದಲ್ಲಿ 'ಆ ದಿನದ ರೇಟ್' ಅಂತ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಹೊರಗಿನಿಂದ ಬಂದವರಿಗೆ ಆ ಮಾತು ಕಂಡರೆ ಭಯ. ಬಿಲ್ಲಿನಲ್ಲಿ ಎಷ್ಟು ಬೀಳುತ್ತದೋ ಅಂತ ಲೆಕ್ಕ ಹಾಕಿ ಮುಂದಿನ ಹೋಟೆಲಿಗೆ ಹೋಗುತ್ತಾರೆ.

ನಾನು ಈಗ ಮಾಡುವ ಎಲ್ಲ ಮೀನೂಟದ ಸೈಟಿನಲ್ಲೂ ಮೇಲೆಯೇ 'ಇವತ್ತಿನ ಮೀನು' ಅಂತ ಒಂದು ಸಣ್ಣ ಪಟ್ಟಿ ಇರುತ್ತದೆ. ಐದಾರು ಸಾಲು, ಅಷ್ಟೇ. ಉದಾಹರಣೆಗೆ 'ಬಂಗುಡೆ ತವಾ ಫ್ರೈ, 2ಕ್ಕೆ 160 ರೂ.', 'ಕಾಣೆ ರವಾ ಫ್ರೈ, ಸೈಜ್ ನೋಡಿ 250ರಿಂದ 400', 'ಚಟ್ಲಿ ಸುಕ್ಕ, ಖಾಲಿ'. ಮೇಲೆ ತಾರೀಕು. ಇದನ್ನು ಹೋಟೆಲಿನವರೇ ಫೋನಿನಲ್ಲಿ ಬದಲಿಸುತ್ತಾರೆ. ಒಂದು ಗೂಗಲ್ ಶೀಟ್‌ನಲ್ಲಿ ಅಂಕಿ ತಿದ್ದಿದರೆ ಸೈಟಿನಲ್ಲಿ ತಾನಾಗಿ ಬದಲಾಗುವ ಹಾಗೆ ಮಾಡಿಕೊಡಬಹುದು, ದೊಡ್ಡ ವಿದ್ಯೆ ಏನಲ್ಲ. 'ಖಾಲಿ' ಅಂತ ಬರೆಯಲು ಹೆದರಬೇಡಿ. ಖಾಲಿ ಆಗುವ ಹೋಟೆಲಿನಲ್ಲಿ ಮೀನು ತಾಜಾ ಅಂತ ಜನ ಅವರಷ್ಟಕ್ಕೇ ಅರ್ಥ ಮಾಡಿಕೊಳ್ಳುತ್ತಾರೆ.

ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ನಿಮಗೆ ಗೊತ್ತೇ ಇದೆ. ಆದರೆ ಮೈಸೂರಿನಿಂದ ಬರುವವರಿಗೆ ಗೊತ್ತಿಲ್ಲ. ಆ 61 ದಿನ ಸೈಟಿನ ಮೇಲೆ ಒಂದು ಸಾಲು ಹಾಕಿ: 'ಈಗ ಮೀನುಗಾರಿಕೆ ರಜೆ, ನಾಡದೋಣಿಯವರು ತಂದದ್ದು ಮಾತ್ರ ಇದೆ, ಕೋಳಿ ಸುಕ್ಕ ಮತ್ತು ಘೀ ರೋಸ್ಟ್ ದಿನಾ ಇರುತ್ತದೆ.' ಹೀಗೆ ಬರೆದ ಹೋಟೆಲಿಗೆ ಮಳೆಗಾಲದಲ್ಲೂ ಜನ ಫೋನ್ ಮಾಡಿ ಬರುವುದನ್ನು ನೋಡಿದ್ದೇನೆ.

ಮೀನಿನ ಹೆಸರಿನಲ್ಲೂ ಒಂದು ಗಮ್ಮತ್ತಿದೆ. ನೀವು ಬೈಗೆ ಅನ್ನುವುದನ್ನು ಮಂಗಳೂರಿನವರು ಬೂತಾಯಿ ಅನ್ನುತ್ತಾರೆ. ನಮ್ಮ ಅಂಜಲ್ ಮುಂಬೈಯವರಿಗೆ ಸುರ್ಮೈ. ಪಟ್ಟಿಯಲ್ಲಿ ಎರಡೂ ಹೆಸರು ಬರೆಯಿರಿ. ಓದುವವರಿಗೂ ಅನುಕೂಲ, ಗೂಗಲ್‌ನಲ್ಲಿ ಹುಡುಕಿದಾಗಲೂ ಸಿಗುತ್ತದೆ. ಇದಕ್ಕಾಗಿಯೇ ಮೆನು ಫೋಟೊ ಅಥವಾ ಪಿಡಿಎಫ್ ಆಗಿರಬಾರದು, ನಿಜವಾದ ಅಕ್ಷರದಲ್ಲಿರಬೇಕು. ಅಕ್ಷರ ಇದ್ದರೆ ಮಲಯಾಳಂನವರು ಬ್ರೌಸರಿನಲ್ಲೇ ಅನುವಾದ ಮಾಡಿಕೊಂಡು ಓದುತ್ತಾರೆ.

ಮೆನು ಟೈಪ್ ಮಾಡಿಸುವಾಗ ಒಂದು ಹುಷಾರು. ಮೆನು ಕಾರ್ಡ್ ಮಾಡಿದ ಪ್ರೆಸ್ಸಿನವರಿಂದ ಫೈಲ್ ತಂದರೆ ಅದು ಹೆಚ್ಚಾಗಿ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿರುತ್ತದೆ. ಅದನ್ನು ಹಾಗೇ ಕಾಪಿ ಮಾಡಿ ಸೈಟಿಗೆ ಹಾಕಿದರೆ 'ಬಂಗುಡೆ' ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವ ಯುನಿಕೋಡ್ ಅಕ್ಷರಕ್ಕೆ ಬದಲಿಸಿ, ಆಮೇಲೆ ಒಂದೊಂದು ಸಾಲನ್ನೂ ಕಣ್ಣಿಂದ ಓದಿ. ಒತ್ತಕ್ಷರದಲ್ಲಿ ಎಡವಟ್ಟು ಆಗಿಯೇ ಆಗುತ್ತದೆ. ಸಾಲುಗಳ ನಡುವೆ ಅಂತರವನ್ನೂ ಸ್ವಲ್ಪ ಜಾಸ್ತಿ ಕೊಡಲು ಹೇಳಿ. ಇಂಗ್ಲಿಷಿಗೆ ಅಂತ ಮಾಡಿದ ಡಿಸೈನಿಗೆ ಕನ್ನಡ ತುಂಬಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. 'ಕುಚ್ಚಲಕ್ಕಿ' ಅಂತ ಬರೆದು ನೋಡಿ, ಗೊತ್ತಾಗುತ್ತದೆ. ಫಾಂಟ್‌ಗೆ ದುಡ್ಡು ಕೊಡಬೇಕಾಗಿಲ್ಲ. ನೋಟೋ ಸಾನ್ಸ್ ಕನ್ನಡ ಓದಲು ಚೆನ್ನಾಗಿದೆ, ದೊಡ್ಡ ಹೆಸರಿಗೆ ಬಾಲೂ ತಮ್ಮ ದುಂಡಗೆ ಮುದ್ದಾಗಿ ಕಾಣುತ್ತದೆ. ಎರಡೂ ಫ್ರೀ.

ಸಮಯದ ವಿಷಯದಲ್ಲಿ ನನ್ನದೇ ಒಂದು ಪೆಟ್ಟು ಇದೆ. ಒಂದು ಹೋಟೆಲಿನವರು ವಾರದ ರಜೆಯನ್ನು ಸೋಮವಾರದಿಂದ ಮಂಗಳವಾರಕ್ಕೆ ಬದಲಿಸಿದರು. ಸೈಟ್ ತಿದ್ದುವ ಪಾಸ್‌ವರ್ಡ್ ನನ್ನ ಹತ್ತಿರ ಮಾತ್ರ ಇತ್ತು. ನಾನು ತಂಗಿಯ ಮದುವೆ ಗಲಾಟೆಯಲ್ಲಿದ್ದೆ. ಶಿವಮೊಗ್ಗದಿಂದ ಘಾಟಿ ಇಳಿದು ಎಂಟು ಜನ ಬಂದರು, ಎದುರಿಗೆ ಎಳೆದ ಶಟರ್. ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು, ಶಟರಿನ ಫೋಟೊ ಸಮೇತ ಬರೆದರು. ಬೈಸಿಕೊಂಡವರು ಹೋಟೆಲಿನವರು, ತಪ್ಪು ನನ್ನದು. ಅವತ್ತಿನಿಂದ ಸಮಯ, ರಜೆ, ರೇಟ್ ಮೂರನ್ನೂ ತಿದ್ದುವ ಬೀಗದ ಕೈ ಹೋಟೆಲಿನವರ ಕೈಯಲ್ಲೇ ಇರುವ ಹಾಗೆ ಮಾಡುತ್ತೇನೆ. ಅಷ್ಟಮಿ, ದೀಪಾವಳಿ, ಮನೆ ಪೂಜೆ ಅಂತ ನಡುವೆ ಬರುವ ರಜೆಗಳೂ ಇವೆಯಲ್ಲ. ಮತ್ತೆ 'ಮಧ್ಯಾಹ್ನ 12ರಿಂದ 3.30, ರಾತ್ರಿ 7ರಿಂದ 10' ಅಂತ ಬಿಡಿಸಿ ಬರೆಯಿರಿ. ಸುಮ್ನೆ '12ರಿಂದ 10' ಅಂದರೆ ನಾಲ್ಕೂವರೆಗೆ ಬಂದವರು ಖಾಲಿ ಬೆಂಚು ನೋಡಿ ಹೋಗುತ್ತಾರೆ.

ದಾರಿ ಹೇಳುವುದಕ್ಕೆ ಮ್ಯಾಪ್ ಒಂದೇ ಸಾಲದು. ಹೈವೇ 66 ನಾಲ್ಕು ಪಥ ಆದ ಮೇಲೆ ಡಿವೈಡರ್ ಬಂತು. ಹೋಟೆಲ್ ಎದುರಿಗೇ ಕಾಣುತ್ತದೆ, ಆದರೆ ದಾಟಲು ಆಗುವುದಿಲ್ಲ. 'ಉಡುಪಿ ಕಡೆಯಿಂದ ಬಂದರೆ ಎಡಕ್ಕೆ. ಬೈಂದೂರು ಕಡೆಯಿಂದ ಬಂದರೆ ಮುಂದೆ ಯೂಟರ್ನ್ ಮಾಡಿ ಸರ್ವಿಸ್ ರಸ್ತೆಗೆ ಇಳಿಯಿರಿ' ಅಂತ ನಿಮ್ಮ ಜಾಗಕ್ಕೆ ಸರಿಯಾಗಿ ಎರಡು ಸಾಲು ಬರೆಯಿರಿ. ಜೊತೆಗೆ ರಸ್ತೆಯಿಂದ ಬೋರ್ಡ್ ಹೇಗೆ ಕಾಣುತ್ತದೋ ಅದರ ಒಂದು ಫೋಟೊ. ಇಡೀ ಸೈಟಿನಲ್ಲಿ ಎಲ್ಲಕ್ಕಿಂತ ಉಪಯೋಗದ ಫೋಟೊ ಅದೇ. ಅದನ್ನು ಹಾಕುವವರು ನೂರಕ್ಕೆ ಐದು ಜನವೂ ಇಲ್ಲ.

ಊಟದ ಫೋಟೊಗೆ ಕ್ಯಾಮೆರಾದವರನ್ನು ಕರೆಸಬೇಕಾಗಿಲ್ಲ. ಬಾಗಿಲ ಹತ್ತಿರದ ಟೇಬಲ್, ಬೆಳಗ್ಗೆ ಹನ್ನೊಂದರ ಬೆಳಕು, ಬಾಳೆಎಲೆ. ಟ್ಯೂಬ್‌ಲೈಟ್ ಆರಿಸಿ, ಅದರ ಕೆಳಗೆ ಮಸಾಲೆಯ ಕೆಂಪು ಮಂಕಾಗುತ್ತದೆ. ಸ್ಟೀಲ್ ತಟ್ಟೆ ಬೇಡ, ಹೊಳೆದು ಮೀನನ್ನೇ ಮುಚ್ಚುತ್ತದೆ. ಕಾವಲಿಯಿಂದ ತೆಗೆದ ಎರಡು ನಿಮಿಷದೊಳಗೆ ಕ್ಲಿಕ್ ಮಾಡಿ, ಆಮೇಲೆ ಎಣ್ಣೆ ಇಳಿದು ಮೀನು ಸೋತ ಹಾಗೆ ಕಾಣುತ್ತದೆ. ಇಂಟರ್‌ನೆಟ್‌ನಿಂದ ಎತ್ತಿದ ಫೋಟೊ ಮಾತ್ರ ಹಾಕಬೇಡಿ. ನಿಂಬೆ ಹೋಳು, ಸೊಪ್ಪು ಇಟ್ಟು ಅಲಂಕಾರ ಮಾಡಿದ ಯಾವುದೋ ದೇಶದ ಮೀನು ತೋರಿಸಿ ನೀವು ಬಂಗುಡೆ ಕೊಟ್ಟರೆ ಗಿರಾಕಿಯ ಮುಖ ಹೇಗಾಗಬೇಡ.

ಫೋನ್ ತೆಗೆಯುವ ಒಂದೊಂದು ಫೋಟೊ ನಾಲ್ಕೈದು ಎಂಬಿ ಇರುತ್ತದೆ. ವೆಬ್‌ಪಿ ಅನ್ನುವ ಹಗುರ ಫೋಟೊ ಫಾರ್ಮ್ಯಾಟ್‌ಗೆ ಬದಲಿಸಿ 150 ಕೆಬಿ ಒಳಗೆ ಇಳಿಸಲು ಹೇಳಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟುಕೊಂಡ ಅಳತೆ. ನನ್ನ ಅಳತೆ ಘಾಟಿಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಇದ್ದಾಗ ತೆರೆಯುತ್ತದಾ ಅಂತ.

ಇನ್ನು ಸಣ್ಣಪುಟ್ಟದ್ದು. ಫೋನ್ ನಂಬರ್ ಒತ್ತಿದರೆ ಕರೆ ಹೋಗಬೇಕು. ವಾಟ್ಸಾಪ್ ಬಟನ್ ಇರಲಿ, ಲಿಂಕಿನಲ್ಲಿ ನಂಬರಿನ ಮುಂದೆ 91 ಹಾಕಲು ಮರೆಯುತ್ತಾರೆ, ನೋಡಿಕೊಳ್ಳಿ. ಪಾರ್ಕಿಂಗ್, ಟಾಯ್ಲೆಟ್, ಎಸಿ ಇದೆಯಾ ಅಂತ ಒಂದು ಸಾಲು. ಸಸ್ಯಾಹಾರಿಗಳಿಗೆ ಏನಿದೆ ಅಂತಲೂ ಬರೆಯಿರಿ. ಪ್ರತಿ ಕಾರಿನಲ್ಲಿ ಒಬ್ಬ ಅತ್ತೆಯೋ ಅಜ್ಜಿಯೋ ಮೀನು ಮುಟ್ಟದವರು ಇರುತ್ತಾರೆ, ಅವರ ಮಾತೇ ನಡೆಯುವುದು. ಕೆಳಗೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ಅಂದರೆ ಆಹಾರ ಲೈಸೆನ್ಸ್ ನಂಬರ್. ಆನ್‌ಲೈನ್ ಆರ್ಡರ್ ನಿಮಗೆ ಈಗ ಬೇಡ. ರವಾ ಫ್ರೈ ಡಬ್ಬಿಯಲ್ಲಿ ಅರ್ಧ ಗಂಟೆ ಕೂತರೆ ಮೆತ್ತಗಾಗುತ್ತದೆ, ಹೆಸರು ಕೆಡುತ್ತದೆ. ಹತ್ತು ಜನಕ್ಕಿಂತ ಜಾಸ್ತಿ ಬರುವವರು ಮೊದಲೇ ವಾಟ್ಸಾಪ್ ಮಾಡಿ ಅಂತ ಹಾಕಿದರೆ ಸಾಕು.

ಡೊಮೇನ್, ಅಂದರೆ ಸೈಟಿನ ವಿಳಾಸ, ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ಇರಬೇಕು. ಮಾಡಿಕೊಡುವವರ ಹೆಸರಿನಲ್ಲಿ ಅಲ್ಲ. ಅವರು ಊರು ಬಿಟ್ಟರೆ ನಿಮ್ಮ ಹೋಟೆಲಿನ ಹೆಸರೂ ಅವರ ಜೊತೆ ಹೋಗುತ್ತದೆ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ (ಗೂಗಲ್ ಮ್ಯಾಪ್‌ನಲ್ಲಿ ಹೋಟೆಲಿನ ಹೆಸರು ಒತ್ತಿದರೆ ಕಾಣುವ ವಿವರ) ಫ್ರೀ ವೆಬ್‌ಸೈಟ್ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದನ್ನು ಗೂಗಲ್‌ನವರು 2024ರ ಮಾರ್ಚ್‌ನಲ್ಲಿ ನಿಲ್ಲಿಸಿದರು. ಪ್ರೊಫೈಲ್ ಮಾತ್ರ ಈಗಲೂ ಫ್ರೀ. ಅದನ್ನು ಇವತ್ತೇ ಸರಿ ಮಾಡಿ. ಸಮಯ, ಫೋನ್, ಬೋರ್ಡಿನ ಫೋಟೊ. ದಾರಿಯಲ್ಲಿರುವವರು ಮೊದಲು ನೋಡುವುದು ಅದನ್ನೇ, ಸೈಟಿಗೆ ಬರುವುದು ಅದರ ಮೂಲಕ.

45 ಸಾವಿರ ಕೇಳಿದವರಿಗೆ ಇಷ್ಟನ್ನೇ ಹೇಳಿ: ಒಂದೇ ಪುಟ ಸಾಕು, ವಿಡಿಯೊ ಬೇಡ, 'ಇವತ್ತಿನ ಮೀನು' ಪಟ್ಟಿ ಅಪ್ಪನ ಫೋನಿನಿಂದ ತಿದ್ದಲು ಬರಬೇಕು. ರೇಟ್ ಅರ್ಧಕ್ಕಿಂತ ಕೆಳಗೆ ಇಳಿಯದಿದ್ದರೆ ಬೇರೆಯವರನ್ನು ನೋಡಿ. ದುಡ್ಡು ಪೂರ್ತಿ ಕೊಡುವ ಮೊದಲು ಅಪ್ಪನ ಕೈಗೆ ಫೋನ್ ಕೊಟ್ಟು, 'ಕಾಣೆ ಖಾಲಿ ಅಂತ ಹಾಕಿ' ಅನ್ನಿ. ನಿಮ್ಮನ್ನು ಕೇಳದೆ ಅವರೇ ಹಾಕಿದರೆ ಉಳಿದ ದುಡ್ಡು ಕೊಡಿ. ಜೂನ್, ಜುಲೈಯಲ್ಲಿ ಮಳೆ, ಗಿರಾಕಿ ಕಡಿಮೆ, ಅಪ್ಪನಿಗೂ ಕಲಿಯಲು ಪುರುಸೊತ್ತು ಇರುತ್ತದೆ. ಆಗ ಮಾಡಿಸಿಕೊಳ್ಳಿ, ಆಗಸ್ಟ್‌ನಲ್ಲಿ ಬೋಟು ಇಳಿಯುವಾಗ ಪಟ್ಟಿ ತಯಾರಿರುತ್ತದೆ.